ಕೆಚಪ್ ಮೈಲಿಗೆ

ಅಮೆರಿಕದಲ್ಲಿ ಮಡಿ ಮೈಲಿಗೆ ಒಂದೂ ಇಲ್ಲ ಎಂದು ಮೇಲುಕೋಟೆಯ ನಮ್ಮತ್ತೆ ದೃಢವಾಗಿ ನಂಬಿದ್ದರು. ಆ ನಂಬಿಕೆ ಕೆಡಿಸಿದ್ದು ಷಿಕಾಗೋದ ಹಾಟ್‌ಡಾಗ್.

ಜುಲೈ 4ರ ರಜೆ. ಹಿತ್ತಲಲ್ಲಿ ನಮ್ಮವರು ಹೊಚ್ಚಹೊಸ ಗ್ರಿಲ್ ಮೇಲೆ ಸೋಯಾ ಸಾಸೇಜ್ ಹೊರಳಿಸುತ್ತಿದ್ದರು. ಮಿಕ್ಕ ಉಸ್ತುವಾರಿ ಪಕ್ಕದ ಮನೆಯ ಯಜಮಾನರದು. ಹುಟ್ಟಿ ಬೆಳೆದದ್ದೆಲ್ಲ ಷಿಕಾಗೋದಲ್ಲೇ. ಗಸಗಸೆ ಉದುರಿಸಿದ ಬನ್ನು, ಹಳದಿ ಮಸ್ಟರ್ಡ್, ಕಣ್ಣು ಕುಕ್ಕುವ ಹಸಿರು ರೆಲಿಷ್, ಹೆಚ್ಚಿದ ಈರುಳ್ಳಿ, ಟೊಮೆಟೊ, ಉಪ್ಪುನೀರಲ್ಲಿಟ್ಟ ಸೌತೆ, ಪುಟ್ಟ ಮೆಣಸಿನಕಾಯಿ, ಮೇಲೊಂದು ಚಿಟಿಕೆ ಸೆಲರಿ ಉಪ್ಪು. ಅಷ್ಟರಲ್ಲಿ ಮಗಳು ಕೆಚಪ್ ಬಾಟಲಿಗೆ ಕೈಹಾಕಿದಳು. ಯಜಮಾನರು “ನೋ!” ಎಂದದ್ದು ಎದುರುಮನೆಗೂ ಕೇಳಿಸಿತು.

“ಏನಂತೆ?”

“ಕೆಚಪ್ ಮುಟ್ಟಿಸಬಾರದಂತೆ ಅತ್ತೆ.”

“ಟೊಮೆಟೊ ಹಾಕಿದಾರಲ್ಲ?”

“ಟೊಮೆಟೊ ಆಗುತ್ತಂತೆ. ಕೆಚಪ್ ಆಗಲ್ವಂತೆ.”

ಅತ್ತೆ ಅರೆಗಳಿಗೆ ಯೋಚಿಸಿದರು. “ಸರಿಯೇ. ಅಕ್ಕಿ ಮುಸುರೆ ಅಲ್ಲ, ಬೆಂದ್ರೆ ಮುಸುರೆ. ಇವರೂ ನಮ್ಮಂಥವರೇ!”

ತಮ್ಮ ಪಾಲಿನ ಈರುಳ್ಳಿಯನ್ನು ಅತ್ತೆ ಬೇಡವೆಂದರು. ಯಜಮಾನರು ಮರುಮಾತಿಲ್ಲದೆ ಬಿಟ್ಟರು. ಆಚಾರವಂತರ ಕಷ್ಟ ಆಚಾರವಂತರಿಗೇ ಗೊತ್ತು.

ಅಂದಿನಿಂದ ಅತ್ತೆಗೆ ಊರೂರಿನ ಹಾಟ್‌ಡಾಗ್ ಸಂಪ್ರದಾಯ ವಿಚಾರಿಸುವ ಹುಚ್ಚು ಹಿಡಿಯಿತು. ಡೆಟ್ರಾಯಿಟ್‌ನ ನಾದಿನಿ ವಿಡಿಯೊ ಕಾಲ್‌ನಲ್ಲಿ ಹೇಳಿದಳು: ಅಲ್ಲಿ ಬೀನ್ಸ್ ಇಲ್ಲದ ಚಿಲಿ ಸುರಿಯುತ್ತಾರೆ, ಅಣ್ಣತಮ್ಮಂದಿರು ಶುರುಮಾಡಿದ ಎರಡು ಅಂಗಡಿಗಳು ಅಕ್ಕಪಕ್ಕದಲ್ಲೇ ಇವೆ. “ಪಾಲಾಗಿದಾರೆ, ಪಾಪ,” ಎಂದರು ಅತ್ತೆ. ಟೂಸಾನ್‌ನ ಭಾವನವರು, ಅಲ್ಲಿ ಸಾಸೇಜಿಗೆ ಬೇಕನ್ ಸುತ್ತಿ ಮೇಲೆ ಬೇಯಿಸಿದ ಪಿಂಟೊ ಕಾಳು ಹಾಕುತ್ತಾರೆ ಎಂದಾಗ, “ಕಾಳು ಒಳ್ಳೇದು,” ಎಂದಷ್ಟೇ ಹೇಳಿದರು. ಸಿಯಾಟಲ್‌ನ ಮೈದುನ ಕ್ರೀಮ್ ಚೀಸ್ ಮೇಲೆ ಬಾಡಿಸಿದ ಈರುಳ್ಳಿ ಎಂದ. ಅವನ ಕಾಲ್ ಬೇಗ ಮುಗಿಯಿತು.

2017ರಲ್ಲಿ ಹೈಂಜ್ ಕಂಪನಿ ತನ್ನ ಕೆಚಪ್ಪಿಗೇ ‘ಷಿಕಾಗೋ ಡಾಗ್ ಸಾಸ್’ ಎಂದು ಚೀಟಿ ಅಂಟಿಸಿ ಷಿಕಾಗೋದವರ ಮುಂದಿಟ್ಟಿತ್ತು ಎಂದು ನಮ್ಮವರು ಹೇಳಿದರು. “ಹೆಸರು ಬದಲಾಯಿಸಿದ್ರೆ ಮಡಿಯಾಗಿಬಿಡುತ್ತಾ?” ಎಂದು ಅತ್ತೆ ಷಿಕಾಗೋದ ಪರವಾಗಿ ಸಿಟ್ಟಾದರು.

ಕೊನೆಗೆ ಮಗಳೇ ಶಾಸ್ತ್ರಾಧಾರ ಹುಡುಕಿ ತಂದಳು. ಅಮೆರಿಕದ ಹಾಟ್‌ಡಾಗ್ ಮತ್ತು ಸಾಸೇಜ್ ಮಂಡಳಿಯ ಶಿಷ್ಟಾಚಾರದ ಪಟ್ಟಿಯಲ್ಲೇ ಇದೆ: 18 ದಾಟಿದವರು ಹಾಟ್‌ಡಾಗ್‌ಗೆ ಕೆಚಪ್ ಹಾಕಿಕೊಳ್ಳಬಾರದು.

“ನನಗಿನ್ನೂ ಹದಿನೇಳು, ಅಜ್ಜಿ!”

ಅತ್ತೆ ಪಂಚಾಂಗ ತೆಗೆದು ಲೆಕ್ಕ ಹಾಕಿದರು. “ಅಧಿಕ ಮಾಸಗಳನ್ನೂ ಸೇರಿಸಿದ್ರೆ ನಿಂಗೆ ಹೋದ ತಿಂಗಳೇ ಹದಿನೆಂಟು ತುಂಬ್ತು, ಪುಟ್ಟಿ. ಬಾಟಲಿ ಕೆಳಗಿಡು.”