ಶೋರಾಪುರದ ಸಾಲ, ಸುರಪುರದ ಮನೆ

"ಏನ್ ಮಾಸ್ತರ್, ಇವತ್ತೂ ಬ್ಯಾಂಕಿಗೇನು?" ಫರ್ಸಿಕಲ್ಲಿನ ಬೇಲಿ ಮೇಲೆ ಚಹಾದ ಕಪ್ಪಿಟ್ಟು ಪಕ್ಕದ ಮನೆ ಕಾಕಾ ಕೇಳಿದರು. ನನ್ನ ಕೈಯ ಚೀಲ ನೋಡಿದರೆ ಸಾಕು, ಕೇಳೋದೇನೂ ಉಳಿಯೋದಿಲ್ಲ. ಸೀರೆ ಅಂಗಡಿ ಚೀಲ ಅದು. ಮೇಲೆ ಮದುಮಗಳ ಚಿತ್ರ, ಒಳಗೆ ಮಗನ ಮನೆ ಸಾಲದ ಕಾಗದ.

ಮಗ 2021ರಲ್ಲಿ ಮನೆ ಕಟ್ಟಿಸಿದ. 20 ಲಕ್ಷ, 20 ವರ್ಷ, ಬಡ್ಡಿ ಶೇ 7, ತಿಂಗಳ ಕಂತು 15,506 ರೂಪಾಯಿ. ಆಗ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ 4 ಇತ್ತು. 2022ರ ಮೇಯಿಂದ ಏರಿ ಏರಿ 2023ರ ಫೆಬ್ರುವರಿಗೆ ಆರೂವರೆ ಮುಟ್ಟಿತು, ಅದರ ಬಾಲ ಹಿಡಿದು ನಮ್ಮ ಬಡ್ಡಿಯೂ ಒಂಬತ್ತೂವರೆಗೆ ಏರಿತು. ಲೆಕ್ಕದ ಮಾಸ್ತರ್ ನಾನು, ಹಳೇ ಚಟ, ಪಾಟಿ ಹಿಡಿದು ಕೂತೆ. ಒಂಬತ್ತೂವರೆಯಂತೆ 20 ಲಕ್ಷಕ್ಕೆ ತಿಂಗಳ ಬಡ್ಡಿಯೇ 15,833! ಪುಣ್ಯಕ್ಕೆ ಅಷ್ಟೊತ್ತಿಗೆ ಅಸಲು ಸ್ವಲ್ಪ ಕರಗಿತ್ತು. ಇಲ್ಲದಿದ್ದರೆ ಕಂತು ಕಟ್ಟಿದರೂ ಸಾಲ ಬೆಳೆಯುತ್ತಿತ್ತು.

"ನಮ್ಮ ಹತ್ತಿಗಿಂತ ಚಲೋ ಬೆಳೀತದ ನೋಡ್ರಿ," ಅಂದರು ಕಾಕಾ.

ಕಂತು ಏರಿಸಬೇಕೋ ಅವಧಿ ಹಿಗ್ಗಿಸಬೇಕೋ ಅಂತ ಸಾಲಗಾರನನ್ನೇ ಕೇಳಿ ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೆ ಹೇಳಿತಲ್ಲ, ಆ ಧೈರ್ಯದ ಮೇಲೆ ಹೋದೆವು. ಅವಧಿ ಹಿಗ್ಗಿಸಿ ಅಂದರೆ, ಮಗನ ರಿಟೈರ್ಮೆಂಟ್ ಅಡ್ಡ ಬರ್ತದೆ ಅಂದರು. ಹೋಗಲಿ, ಹೊಸಬರಿಗೆ ಕೊಡೋ ಬಡ್ಡಿಯನ್ನೇ ನಮಗೂ ಕೊಡಿ ಅಂದರೆ, ಅದಕ್ಕೆ ಬೇರೆ ಫೀ, ಫೀ ಮೇಲೆ ಜಿಎಸ್‌ಟಿ. ಹೊಸ ಅಳಿಯನಿಗೆ ಹೋಳಿಗೆ, ಹಳೆ ಅಳಿಯನಿಗೆ ನಿನ್ನೆಯ ರೊಟ್ಟಿ. ಅಲ್ಲೇನ್ರಿ?

ಬೇರೆ ಬ್ಯಾಂಕಿಗೆ ಒಯ್ಯೋಣ ಅಂದರೆ ಅದರ ಕಥೆ ಇನ್ನೂ ಚಂದ. ಮನೆಯ ಮೂಲಪತ್ರ ಕೈಗೆ ಬಂದರೆ ದುಡ್ಡು ಕೊಡ್ತೀವಿ ಅಂತ ಹೊಸ ಬ್ಯಾಂಕು. ದುಡ್ಡು ಬಂದರೆ ಮೂಲಪತ್ರ ಕೊಡ್ತೀವಿ ಅಂತ ಹಳೆ ಬ್ಯಾಂಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ತೇಲುವ ಬಡ್ಡಿಯ ಮನೆ ಸಾಲ ಮೊದಲೇ ತೀರಿಸಿದರೆ ದಂಡ ಹಾಕಬಾರದು ಅಂತ 2012ರಲ್ಲೇ ಆಗಿದೆ, ಖರೆ. ಆದರೆ ಬಾಕಿ ಎಷ್ಟು, ತಮ್ಮಲ್ಲಿ ಯಾವ ಯಾವ ಕಾಗದ ಇದೆ ಅಂತ ಒಂದು ಹಾಳೆ ಬರೆದುಕೊಡಲಿಕ್ಕೆ ಯಾದಗಿರಿಗೆ ಮೂರು ಸಲ ಅಲೆಸಿದರೆ ಅದೂ ದಂಡವೇ ಅಲ್ವಾ?

ತಮಾಷೆ ಅಂದರೆ, 2017ರ ಏಪ್ರಿಲ್ 1ಕ್ಕೆ ಈ ಕಡೆಯವರೆಲ್ಲ ಕಂಡ ಹೈದರಾಬಾದ್ ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ ಕೂಡಿಹೋಯಿತು. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಊರಿನ ಸಾಲವೆಲ್ಲ ಆ ಬೋರ್ಡಿನಿಂದ ಈ ಬೋರ್ಡಿಗೆ! ಬ್ಯಾಂಕು ತಾನೇ ವರ್ಗವಾಗುವಾಗ ಎಷ್ಟು ಸಲೀಸು ನೋಡಿ.

ಕಾಕಾ ಗುಡ್ಡದ ಕಡೆ ಗದ್ದ ಎತ್ತಿ, "ಟೇಲರ್ ಸಾಹೇಬ ಏನರೆ ಇದ್ದಿದ್ದರ..." ಅಂದರು. ಅವರಿಗೆ ಎಲ್ಲವೂ ಹೋಗಿ ಅಲ್ಲಿರುವ ಆತನ ಬಂಗಲೆ ಟೇಲರ್ ಮಂಜಿಲ್‌ಗೇ ಮುಟ್ಟಬೇಕು. ಆದರೆ ಈ ಸಲ ಮಾತಿಗೆ ಹೊಂದಿತು ಅನ್ನಿ. 1841ರಲ್ಲಿ ಸುರಪುರಕ್ಕೆ ಬಂದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1853ರಲ್ಲಿ ಇಲ್ಲಿಂದ ಹೋದದ್ದು ನಳದುರ್ಗಕ್ಕೆ. ಅದು ಆಗತಾನೇ ಅಡವಿಟ್ಟ ಸೀಮೆ! ಕಂಪನಿ ಸರ್ಕಾರದ ಬಾಕಿಗೆ, ಪಡೆಯ ಖರ್ಚಿಗೆ ಅಂತ ನಿಜಾಮರು ಬಿರಾರ್, ನಳದುರ್ಗ, ಇಲ್ಲೇ ಹೊಳೆಯಾಚೆಯ ರಾಯಚೂರು ದೋಆಬ್ ಎಲ್ಲ ಬರೆದುಕೊಟ್ಟಿದ್ದರು. 1860ರಲ್ಲಿ ರಾಯಚೂರು, ನಳದುರ್ಗ ಬಿಡಿಸಿಕೊಂಡರು. ಮೇಲೆ ನಮ್ಮ ನಾಯಕ ಅರಸರಿಂದ ಬ್ರಿಟಿಷರು ಕಸಿದುಕೊಂಡಿದ್ದ ಸುರಪುರವೂ ನಿಜಾಮರಿಗೇ ಬಂತು. ಅಂದರೆ ಆ ಲೆಕ್ಕದಲ್ಲಿ ನಾವು ಚಿಲ್ಲರೆ ವಾಪಸ್ ಬಂದವರು! ಬಿರಾರ್ ಮಾತ್ರ ಬರಲೇ ಇಲ್ಲ. ದಿವಾನ ಸಾಲಾರ್ ಜಂಗ್ ದುಡ್ಡು ಕೊಡ್ತೀನಿ ಬಿಡಿ ಅಂತ ಗೋಗರೆದರೂ ಬ್ರಿಟಿಷರು ಬಿಡಲಿಲ್ಲ. ಕಡೆಗೆ 1902ರಲ್ಲಿ ವರ್ಷಕ್ಕೆ 25 ಲಕ್ಷದಂತೆ ಶಾಶ್ವತ ಗುತ್ತಿಗೆ ಅಂತ ಬರೆಸಿಕೊಂಡರು. ಅವಧಿ ಹಿಗ್ಗಿಸೋದು ಅಂದರೆ ಹೀಗೆ! ನಿಜಾಮರ ವಯಸ್ಸು ಯಾರೂ ಕೇಳಲಿಲ್ಲ.

"ಅಷ್ಟ್ ದೊಡ್ಡ ನಿಜಾಮಗೇ ಕಾಗದ ಬಿಡಿಸಿಕೊಳ್ಳಾಕ ಆಗಲಿಲ್ಲ, ನೀವ್ ಯಾವ ಲೆಕ್ಕ?" ಅಂದರು ಕಾಕಾ, ಚಹಾ ಗುಟುಕರಿಸುತ್ತ.

ಸಮಾಧಾನ ಹೇಳಿದರೋ ಹಂಗಿಸಿದರೋ ತಿಳಿಯಲಿಲ್ಲ.

ಇವತ್ತಿನ ಕೆಲಸ ಬೇರೆ. ಶಹಾಪುರದಲ್ಲಿ ಹೊಸ ಬ್ಯಾಂಕಿನ ವಕೀಲರು ಒಂದು ತಕರಾರು ತೆಗೆದಿದ್ದಾರೆ. ನಮ್ಮ ಜಾಗದ ಹಳೆ ಇಂಗ್ಲಿಷ್ ಕಾಗದದಲ್ಲಿ ಶೋರಾಪುರ ತಾಲ್ಲೂಕು, ಗುಲ್ಬರ್ಗಾ ಜಿಲ್ಲೆ ಅಂತಿದೆ. ಈಗಿನದರಲ್ಲಿ ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ. ಯಾದಗಿರಿ ಜಿಲ್ಲೆಯಾದದ್ದೇ 2009ರ ಕೊನೆಗೆ, ಅದಕ್ಕೆ ನಾವೇನು ಮಾಡೋಣ? ಗುಲ್ಬರ್ಗಾವೂ ಆಮೇಲೆ ಕಲಬುರಗಿ ಆಯಿತು. ಮನೆ ಮಾತ್ರ ಇದ್ದಲ್ಲೇ ಇದೆ, ಒಂದು ಗೇಣೂ ಸರಿದಿಲ್ಲ. ಆದರೂ ಶೋರಾಪುರ, ಸುರಪುರ ಎರಡೂ ಒಂದೇ ಊರು ಅಂತ ಪ್ರಮಾಣಪತ್ರ ಬೇಕಂತೆ. ಹುಟ್ಟಿದ ಊರು ಅದೇ ಊರು ಅಂತ ಛಾಪಾ ಕಾಗದದ ಮೇಲೆ ಆಣೆ ಮಾಡುವ ಯೋಗ ಎಷ್ಟು ಜನಕ್ಕೆ ಬರ್ತದೆ ಹೇಳಿ?

ನಿನ್ನೆ ಸಂಜೆ ನೋಟರಿ ಕಡೆ ಮಾಡಿಸಿ ತಂದಿದ್ದೆ. ಕಾಕಾ ಕನ್ನಡಕ ಏರಿಸಿ, ಬೇಲಿ ಮೇಲೆ ಕಾಗದ ಹರವಿ, ಬೆರಳಿಟ್ಟು ಓದಿದರು. ಅರ್ಧಕ್ಕೆ ಬೆರಳು ನಿಂತಿತು.

"ಮಾಸ್ತರ್, ಇದರಾಗ ಸೊರಪೂರ ಅಂತ ಬರದಾರಲ್ರೀ. ಇದು ಯಾವ ಊರು?"