ಉಳ್ಳಾಗಡ್ಡಿಗೆ ಮಾರಿಯೋ

(ಹಾಲಹರವಿಯ ಒಂದು ಟಿ.ವಿ. ರಿಪೇರಿ ಅಂಗಡಿ. ಹಿಂದೆ ಮನೆ, ಮೇಲೆ ಅಟ್ಟ. ದಸರಾಕ್ಕೆ ಸುಣ್ಣ ಹೊಡೆಸಬೇಕೆಂದು ಅಟ್ಟದ ಸಾಮಾನೆಲ್ಲ ಕೆಳಗಿಳಿದಿದೆ. ಅಂಗಡಿಯ ಉರುಕುಂದಪ್ಪ, ಹೆಂಡತಿ ಈರಮ್ಮ, ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದಿಂದ ರಜೆಗೆ ಬಂದ ಅಕ್ಕನ ಮಗ ಗಾದಿಲಿಂಗ. ಬೀದಿಯಲ್ಲಿ ಗುಜರಿಯವನ ಮೈಕು ಕೂಗುತ್ತಿದೆ: ಹಳೇ ಸಾಮಾನಿಗೆ ಉಳ್ಳಾಗಡ್ಡಿ.)

ಈರಮ್ಮ: ಗುಜರಿಯವನು ಬಸ್‌ಸ್ಟ್ಯಾಂಡ್ ದಾಟಿದ. ಈ ಡಬ್ಬ ಎಲ್ಲಾ ಹಾಕಿದ್ರೆ ಐದು ಕೆಜಿಗೆ ಮೋಸ ಇಲ್ಲ. ಅಡ್ಡ ಬಂದೋರಿಗೆ ಇವತ್ತು ಉಳ್ಳಾಗಡ್ಡಿ ಇಲ್ಲದ ಸಾರು.

ಉರುಕುಂದಪ್ಪ: ಡಬ್ಬ ಅನ್ಬ್ಯಾಡ. ಇದು ವಿಡಿಯೋ ಗೇಮ್, ಸಮುರಾಯ್!

ಗಾದಿಲಿಂಗ: ಹೌದತ್ತೆ. ಜಪಾನಿನ ನಿಂಟೆಂಡೊ 1983ರಲ್ಲಿ ಫ್ಯಾಮಿಕಾಮ್ ಅಂತ ಒಂದು ಪೆಟ್ಟಿಗೆ ತಂತು. ನಮ್ಮ ಕಡೆ ಟಿ.ವಿ.ಗೆ ಹಚ್ಚಿ ಆಡ್ತಿದ್ದ ಸಮುರಾಯ್, ಲಿಟಲ್ ಮಾಸ್ಟರ್ ಎಲ್ಲಾ ಅದೇ ವಂಶದವು.

ಈರಮ್ಮ: ಈ ಹಳದಿ ಕ್ಯಾಸೆಟ್ ಮ್ಯಾಲೆ ಬರೀ ಒಂಬತ್ತು ಒಂಬತ್ತು ಬರದೈತಲ್ಲ?

ಉರುಕುಂದಪ್ಪ: 9999999 ಇನ್ 1. ಒಂದೇ ಕ್ಯಾಸೆಟ್ಟಿನಾಗೆ ಅಷ್ಟು ಆಟ!

ಈರಮ್ಮ: ಅಷ್ಟೂ ಆಡಿದ್ರಾ?

ಉರುಕುಂದಪ್ಪ: ಸ್ವಲ್ಪ ಆಡಿದ ಮ್ಯಾಲೆ ಅವೇ ತಿರುಗಿ ಬರ್ತಿದ್ವು. ಮಾರಿಯೋ ಮೊದಲಿಂದ ಶುರುವಾದ್ರೆ ಒಂದು ಆಟ, ನಡುವಿಂದ ಶುರುವಾದ್ರೆ ಇನ್ನೊಂದು ಆಟ.

ಈರಮ್ಮ: ನೀವು ಬರಿಯೋ ರಿಪೇರಿ ಬಿಲ್ಲೂ ಹಂಗೇ ಇರ್ತಾವೆ ಬಿಡ್ರಿ.

ಗಾದಿಲಿಂಗ: ಅತ್ತೆ, ಈಗ ಪೆಟ್ಟಿಗೆ ಇಲ್ಲದೇನೂ ಆಡಬಹುದು. ಎಮ್ಯುಲೇಟರ್ ಅಂತ ಪ್ರೋಗ್ರಾಂ ಐತೆ. ಲ್ಯಾಪ್‌ಟಾಪು ತಾನೇ ಆ ಹಳೇ ಪೆಟ್ಟಿಗೆ ಅಂತ ವೇಷ ಹಾಕ್ತೈತೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ ಬರೀ 40 ಕಿಲೋಬೈಟು. ನೀನು ದಿನಾ ಬೆಳಿಗ್ಗೆ ಗ್ರೂಪಿಗೆ ಹಾಕೋ ಶುಭೋದಯದ ಫೋಟೋ ಅದಕ್ಕಿಂತ ದೊಡ್ಡದು.

ಈರಮ್ಮ: ಅದ್ರಾಗೆ ಮಂತ್ರಾಲಯದ ರಾಯರು ಇರ್ತಾರೆ. ದೊಡ್ಡದೇ ಇರಬೇಕು.

ಉರುಕುಂದಪ್ಪ: ಹಂಗಾದ್ರೆ ಇಳಿಸ್ಕೋ ಅಳಿಯ, ಈಗ್ಲೇ ಆಡೋಣ.

ಗಾದಿಲಿಂಗ: ಸಿಕ್ಕಲ್ಲಿಂದ ಇಳಿಸ್ಕೊಂಡ್ರೆ ಕಳ್ಳಮಾಲು ಮಾಮ. ಎಮ್ಯುಲೇಟರ್ ಇಟ್ಕೊಂಡ್ರೆ ತಪ್ಪಿಲ್ಲ, ಆದ್ರೆ ಆಟದ ಹಕ್ಕು ಕಂಪನೀದು. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದೋನು ತೀರ್ಕೊಂಡು 60 ವರ್ಷ ಆಗೋವರೆಗೂ ಪುಸ್ತಕದ ಹಕ್ಕು ಇರ್ತೈತಲ್ಲ, ಕಂಪ್ಯೂಟರ್ ಪ್ರೋಗ್ರಾಮಿಗೂ ಅದೇ ಲೆಕ್ಕ.

ಉರುಕುಂದಪ್ಪ: ಮಾರಿಯೋಗೆ ಮೂರೇ ಜೀವ, ಅವನ ಕಾಪಿರೈಟಿಗೆ ಏಳು ಜನ್ಮ!

ಈರಮ್ಮ: ಲ್ಯಾಪ್‌ಟಾಪಿನಾಗೇ ನಡೀತೈತೆ ಅಂದ ಮ್ಯಾಲೆ ಪೆಟ್ಟಿಗೆ ಯಾಕೆ? ಹಾಕು ಮೂಟೆಗೆ. ಆ ಡುಬ್ಬದ ಟಿ.ವಿ.ನೂ ಹಾಕು.

ಗಾದಿಲಿಂಗ: ಟಿ.ವಿ. ಬ್ಯಾಡತ್ತೆ! ಬಂದೂಕು ಹಿಡ್ಕೊಂಡು ಬಾತುಕೋಳಿ ಹೊಡಿಯೋ ಆಟ ಐತಲ್ಲ, ಡಕ್ ಹಂಟ್, 1984ದು. ಅದು ಈ ಟಿ.ವಿ. ಇಲ್ದೆ ನಡಿಯಲ್ಲ.

ಈರಮ್ಮ: ಯಾಕೆ, ಹೊಸ ಟಿ.ವಿ.ಗೆ ಗುಂಡು ತಾಗಲ್ಲೇನು?

ಗಾದಿಲಿಂಗ: ಗುಂಡೇ ಇಲ್ಲತ್ತೆ. ಬಂದೂಕಿನಿಂದ ಏನೂ ಹೊರಗೆ ಹೋಗಲ್ಲ. ಅದರ ಬಾಯಾಗೆ ಒಂದು ಕಣ್ಣೈತೆ, ಅದು ಬೆಳಕು ನೋಡ್ತೈತೆ. ಕುದುರೆ ಎಳೆದ ತಕ್ಷಣ ಪರದೆ ಪೂರಾ ಕಪ್ಪಾಗಿ, ಆಮ್ಯಾಲೆ ಬಾತುಕೋಳಿ ಇದ್ದ ಜಾಗ ಮಾತ್ರ ಬೆಳ್ಳಗೆ ಮಿಂಚ್ತೈತೆ. ಕಣ್ಣಿಗೆ ಆ ಬಿಳುಪು ಕಂಡ್ರೆ ಗುರಿ ಬಿತ್ತು ಅಂತ ಲೆಕ್ಕ. ಪಿಕ್ಚರ್ ಟ್ಯೂಬು ಹೇಳಿದ ಗಳಿಗೆಗೆ ಸರಿಯಾಗಿ ಮಿಂಚ್ತೈತೆ. ಎಲ್‌ಇಡಿ ಟಿ.ವಿ. ಚಿತ್ರಾನ ಒಳಗೆ ಹದ ಮಾಡಿ ಚೂರು ತಡವಾಗಿ ತೋರಿಸ್ತೈತೆ. ಅಷ್ಟೊತ್ತಿಗೆ ಬಂದೂಕು ಕಣ್ಣು ಮುಚ್ಕೊಂಡಿರ್ತೈತೆ.

ಉರುಕುಂದಪ್ಪ: ಕೇಳಿದೇನೇ? ಪಿಕ್ಚರ್ ಟ್ಯೂಬಿನ ಸಮ ಯಾವುದೂ ಇಲ್ಲ ಅಂತ ನಾನು ಹೇಳಿದ್ರೆ ಊರೆಲ್ಲಾ ನಗ್ತಿತ್ತು.

ಈರಮ್ಮ: ಗುರಿ ತಪ್ಪಿದ್ರೆ ಒಂದು ನಾಯಿ ಹುಲ್ಲಿನಿಂದ ಎದ್ದು ನಗ್ತಿತ್ತಲ್ಲ, ಅದೇ ಆಟನಾ?

ಗಾದಿಲಿಂಗ: ಅದೇ.

ಈರಮ್ಮ: ಹಂಗಾದ್ರೆ ಆ ನಾಯಿ ಮುಖ ನೋಡಿ ಟಿ.ವಿ., ಬಂದೂಕು, ಪೆಟ್ಟಿಗೆ ಮೂರೂ ಇರ್ಲಿ. ನಿಮ್ಮ ಮಾಮನ ಎದುರಿಗೆ ನಿಂತು ನಕ್ಕಿದ್ದು ಅದೊಂದೇ. ಮುಂದಿಂದು?

ಉರುಕುಂದಪ್ಪ: ಇದು ಬೋರ್ಡು. ಬಳ್ಳಾರ್‍ಯಾಗೆ ಒಂದು ಗೇಮ್ ಪಾರ್ಲರ್ ಮುಚ್ಚಿದಾಗ ನನ್ನ ಬಾಕಿಗೆ ಇದನ್ನ ಕೊಟ್ರು. ಮುಸ್ತಫಾ ಗೇಮು!

ಗಾದಿಲಿಂಗ: ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್! ಕ್ಯಾಪ್‌ಕಾಮ್ ಕಂಪನೀದು, 1993. ಮುಸ್ತಫಾ ಅದರ ನಾಲ್ಕು ಜನ ಹೀರೋಗಳಾಗೆ ಒಬ್ಬ. ನಮ್ಮೋರು ಆಟದ ಹೆಸರನ್ನೇ ಬದಲಾಯಿಸಿಬಿಟ್ರು.

ಉರುಕುಂದಪ್ಪ: ಮೂರು ಜನ ಒಟ್ಟಿಗೆ ಆಡಬಹುದಿತ್ತು. ಮೂರೂ ಜನಕ್ಕೆ ಮುಸ್ತಫಾನೇ ಬೇಕು. ದೇವರಗಟ್ಟಿನ ದಸರಾ ಬಡಿಗೆ ಜಗಳ ವರ್ಷಕ್ಕೊಂದು ಸಲ, ಪಾರ್ಲರಿನಾಗೆ ದಿನಾ ಸಾಯಂಕಾಲ. ಈಗ ನೋಡು, ಚಿಪ್ಪೆಲ್ಲಾ ನೆಟ್ಟಗೈತೆ, ಬೆಸುಗೆ ನೆಟ್ಟಗೈತೆ, ಆಟ ಮಾತ್ರ ಏಳವಲ್ದು.

ಗಾದಿಲಿಂಗ: ಬೆಸುಗೇದಲ್ಲ ಮಾಮ, ಬ್ಯಾಟರಿ ಸತ್ತಿರ್ತೈತೆ. ನಕಲು ಮಾಡಬಾರದು ಅಂತ ಇದರ ಧ್ವನಿಯ ಪ್ರೋಗ್ರಾಮನ್ನ ಗುಪ್ತ ಲಿಪಿಯಾಗೆ ಇಟ್ಟಾರೆ. ಬಿಡಿಸೋ ಕೀಲಿ ಚಿಪ್ಪಿನಾಗೆ ಇರ್ತೈತೆ, ಬ್ಯಾಟರಿ ಇರೋವರೆಗೆ ಮಾತ್ರ. ಬ್ಯಾಟರಿ ಹೋತು, ಕೀಲಿ ಹೋತು.

ಉರುಕುಂದಪ್ಪ: ತಾನೇ ವಿಷ ನುಂಗಿ ಸಾಯೋ ಬೋರ್ಡು! ನಾನು ಸುಮ್ನೆ ಇದಕ್ಕೆ ಎಷ್ಟು ಸೀಸ ಕುಡಿಸಿದೆ!

ಗಾದಿಲಿಂಗ: ಪಾರ್ಲರ್ ಆಟಗಳನ್ನ ಉಳಿಸ್ತೀವಿ ಅಂತ ಹೊರಟೋರು 1997ರಲ್ಲೇ ಮೇಮ್ ಅನ್ನೋ ಎಮ್ಯುಲೇಟರ್ ಶುರು ಮಾಡಿದ್ರು. ಮುಸ್ತಫಾ ಅದರಾಗೆ ಭದ್ರವಾಗಿ ಅದಾನೆ. ಹಿಂಗೆ ಸತ್ತ ಬೋರ್ಡು ಬದುಕಿಸೋರೂ ಅದಾರೆ, ಅವರಿಗೆ ಕೊಡ್ತೀನಿ.

ಈರಮ್ಮ: ಅವರು ಉಳ್ಳಾಗಡ್ಡಿ ಎಷ್ಟು ಕೊಡ್ತಾರೆ?

ಗಾದಿಲಿಂಗ: ಈ ನೋಕಿಯಾ ಫೋನು?

ಉರುಕುಂದಪ್ಪ: ಹಾವಿನ ಆಟ ಐತೆ ಅದ್ರಾಗೆ!

ಗಾದಿಲಿಂಗ: 1997ರಿಂದ ನೋಕಿಯಾ ಫೋನಿನಾಗೆ ಬಂದ ಹಾವು ಅದು. ಈಗಿನ ಮಕ್ಕಳಿಗೂ ಗೊತ್ತು. ಜಾವಾ ಫೋನಿನ ಆಟ ಆಡ್ಸೋಕೂ ಆಂಡ್ರಾಯ್ಡಿಗೆ ಆ್ಯಪ್ ಬಂದೈತೆ. ಚಾರ್ಜರ್ ರಾಶಿ ಮಾತ್ರ ಗುಜರಿಗೆ.

ಈರಮ್ಮ: ಅಬ್ಬ, ಅರ್ಧ ಕೆಜಿ ಆತು.

ಉರುಕುಂದಪ್ಪ: (ಒಂದು ಬೂದು ಡಬ್ಬಿಯನ್ನು ತಾನೇ ಮೂಟೆಗೆ ತುರುಕುತ್ತ) ಇದನ್ನ ಮೊದಲು ಕೊಡು. ಇದು ಬ್ಯಾಡ.

ಗಾದಿಲಿಂಗ: ಕೆಟ್ಟ ಬೋರ್ಡಿಗೆ ಕಣ್ಣೀರು ಹಾಕೋ ಮಾಮ ಇದನ್ನ ಯಾಕೆ ಕೊಡ್ತಾನೆ? ಏನೈತೆ? ಫ್ಲಾಪಿ! ‘ಆದೋನಿ ಕಂಪ್ಯೂಟರ್ ಕ್ಲಾಸ್, 1994.’

ಉರುಕುಂದಪ್ಪ: ಬೂಸ್ಟು ಹಿಡಿದೈತೆ, ಓದಲ್ಲ ಬಿಡು. ಓದೋ ಡ್ರೈವೇ ಇಲ್ಲ ಈಗ.

ಗಾದಿಲಿಂಗ: ಯುಎಸ್‌ಬಿಗೆ ಹಚ್ಚೋ ಡ್ರೈವ್ ಬ್ಯಾಗಿನಾಗೆ ಐತೆ. ಮಾಮ, ಪ್ರಿನ್ಸ್ ಆಫ್ ಪರ್ಷಿಯಾ ಆಟ ಗೊತ್ತಲ್ಲ, 1989ದು? ಅದನ್ನ ಬರೆದ ಜೋರ್ಡಾನ್ ಮೆಕ್ನರ್ ಮೂಲ ಪ್ರೋಗ್ರಾಮಿನ ಫ್ಲಾಪಿ ಕಳ್ಕೊಂಡಿದ್ದ. 2012ರಲ್ಲಿ ಅವರಪ್ಪನಿಗೆ ಸಿಕ್ತು, ಓದಿಸಿ ಎಲ್ಲರಿಗೂ ಕಾಣೋ ಹಂಗೆ ಇಟ್ಟ.

ಉರುಕುಂದಪ್ಪ: ಅವರಪ್ಪನಿಗೆ ಸಿಕ್ತು. ಅವನ ಹೆಂಡತಿಗೆ ಸಿಗಲಿಲ್ಲ.

ಈರಮ್ಮ: ಗಾದಿಲಿಂಗ, ಹಾಕು ಅದನ್ನ.

(ಡ್ರೈವ್ ಕಟಕಟ, ಗುರ್ ಎನ್ನುತ್ತದೆ. ಮೂರನೇ ಫ್ಲಾಪಿ ಓದುತ್ತದೆ.)

ಗಾದಿಲಿಂಗ: ‘ಸೆಕೆಂಡ್ ಡಾಟ್ ಬಾಸ್.’ ಜಿಡಬ್ಲ್ಯೂ-ಬೇಸಿಕ್ ಭಾಷೆಯಾಗೆ ಬರೆದಿದ್ದು! ಏನು ಸೆಕೆಂಡ್?

ಉರುಕುಂದಪ್ಪ: ಆಗಿನ ಡಾಸ್ ಕಂಪ್ಯೂಟರಿನಾಗೆ ಹೆಸರು ಎಂಟು ಅಕ್ಷರ ದಾಟಂಗಿಲ್ಲ. ಪೂರಾ ಹೆಸರು ಸೆಕೆಂಡ್ ಶೋ. ಬಳ್ಳಾರ್‍ಯಾಗೆ ರಾಜ್‌ಕುಮಾರ್ ಪಿಕ್ಚರ್ ‘ಆಕಸ್ಮಿಕ’ ನಡೀತಿತ್ತು. ಆಟದಾಗೆ ಮನೆಯಿಂದ ಬಸ್‌ಸ್ಟ್ಯಾಂಡ್ ಮುಟ್ಟಬೇಕು, ಅಷ್ಟೆ. ದೇವರಾಣೆ ಅಷ್ಟೆ.

ಗಾದಿಲಿಂಗ: ಡಾಸ್‌ಬಾಕ್ಸ್ ಅನ್ನೋ ಎಮ್ಯುಲೇಟರಿನಾಗೆ ಓಡಿಸ್ತೀನಿ. ಯು ಅಂದ್ರೆ ಉರುಕುಂದಪ್ಪ, ಸರಿ. ಹಿಂದಿಂದ ಒಂದು ಇ ಅಕ್ಷರ ಓಡಿ ಬರ್ತೈತಲ್ಲ?

ಈರಮ್ಮ: ಇ ಅಂದ್ರೆ ಯಾರ್ರೀ?

ಉರುಕುಂದಪ್ಪ: ಎಲಿಫೆಂಟು.

ಗಾದಿಲಿಂಗ: ಎಲಿಫೆಂಟು ಭಾರಿ ಜೋರೈತೆ ಮಾಮ, ಗುಂಡಿ ಒತ್ತೋದ್ರಾಗೆ ಹಿಡಿದುಬಿಡ್ತು!

ಉರುಕುಂದಪ್ಪ: ಆಗ ಅಷ್ಟು ಜೋರಿರಲಿಲ್ಲ. ಒಂದು ಹೆಜ್ಜೆಗೆ ಒಂದರಿಂದ ಸಾವಿರ ಎಣಿಸು ಅಂತ ಬರ್ದಿದ್ದೆ. ಈಗಿನ ಕಂಪ್ಯೂಟರು ರೆಪ್ಪೆ ಬಡಿಯೋದ್ರಾಗೆ ಎಣಿಸಿಬಿಡ್ತೈತೆ.

ಗಾದಿಲಿಂಗ: ಅದಕ್ಕೇ ಡಾಸ್‌ಬಾಕ್ಸಿಗೆ ಕಡಿವಾಣ ಐತೆ. ಕಂಟ್ರೋಲ್ ಒತ್ತಿ ಎಫ್11 ಅಂದ್ರೆ ವೇಗ ಇಳೀತೈತೆ. ಈಗ ನಿಧಾನ ಆತು... ಯು ಓಡ್ತು... ಇ ಹಿಡೀತು. ಸಂಗೀತ ಬರ್ತೈತೆ. ಏನೋ ಬರೀತೈತೆ: ‘ಈರಮ್ಮ ಬಂದ್ಲು. ಆಟ ಮುಗೀತು.’

(ಅಂಗಡಿಯಲ್ಲಿ ಫ್ಯಾನು ತಿರುಗುವ ಸದ್ದು ಮಾತ್ರ.)

ಈರಮ್ಮ: ಎಲಿಫೆಂಟಿಗೆ ಹೆಸರಿಟ್ಟೋರು ಯಾರು?

ಉರುಕುಂದಪ್ಪ: ಕ್ಲಾಸಿನಾಗೆ ಮಾಸ್ತರು ಒಂದು ಉದಾಹರಣೆ ಕೇಳಿದ್ರು...

ಈರಮ್ಮ: ಮದುವೆಯಾಗಿ ಆರು ತಿಂಗಳು. ಟಿ.ವಿ. ಬಿಚ್ಚೋದು ಕಲಿತಾ ಇದೀನಿ ಅಂತ ಆದೋನಿಗೆ ಹೋಗಿ ನನ್ನನ್ನ ಆನೆ ಮಾಡ್ತಿದ್ರಿ! ಗಾದಿಲಿಂಗ, ಇದನ್ನ ತಿದ್ದು. ಆ ಯು ಎಷ್ಟು ಓಡಿದ್ರೂ ಬಸ್ ಸಿಗಬಾರದು.

ಗಾದಿಲಿಂಗ: ತಿದ್ದೋಕೆ ಆಗ್ತಿಲ್ಲತ್ತೆ. ಲಿಸ್ಟ್ ಅಂತ ಆಜ್ಞೆ ಕೊಟ್ರೂ ಪ್ರೋಗ್ರಾಂ ತೋರಿಸವಲ್ದು. ಮಾಮ ಸೇವ್ ಮಾಡುವಾಗ ಕೊನೇಗೆ ಪಿ ಹಾಕ್ಯಾನೆ. ಓಡಿಸಬಹುದು, ಒಳಗೇನೈತೆ ಓದಂಗಿಲ್ಲ.

ಈರಮ್ಮ: ಬೀಗಾನೂ ಹಾಕಿದ್ರಾ!

ಗಾದಿಲಿಂಗ: ಪಿಸಿ-ಬೇಸಿಕ್ ಅಂತ ಇನ್ನೊಂದು ಎಮ್ಯುಲೇಟರ್ ಐತೆ, ಅದರ ಮುಂದೆ ಈ ಬೀಗ ನಿಲ್ಲಲ್ಲ. ಜಿಡಬ್ಲ್ಯೂ-ಬೇಸಿಕ್‌ನ ಮೂಲವನ್ನೇ ಮೈಕ್ರೋಸಾಫ್ಟು 2020ರಲ್ಲಿ ತೆರೆದಿಟ್ಟೈತೆ. ಅಷ್ಟು ದೊಡ್ಡ ಕಂಪನಿ ತೆರೆದಿಟ್ಟ ಮ್ಯಾಲೆ ಮಾಮನದೇನು ಗುಟ್ಟು?

ಉರುಕುಂದಪ್ಪ: ಲೇ, ಕಾಪಿರೈಟ್ ನಂದು! ನಾನು ಸತ್ತು 60 ವರ್ಷ ಆಗಬೇಕು!

ಈರಮ್ಮ: ಅದನ್ನ ಇವತ್ತಿಂದಲೇ ಎಣಿಸೋಣ ಅಂತೀರಾ?

ಉರುಕುಂದಪ್ಪ: ಗುಜರಿಗೇ ಹಾಕು ಅಂದ್ನಲ್ಲ ನಾನು, ಕೇಳಿದ್ರೇನು!

ಗಾದಿಲಿಂಗ: ಗುಜರಿಗೆ ಹೋಗಬಾರದ್ದು ಇದೊಂದೇ ಮಾಮ. ಮಾರಿಯೋ ಆಟದ ಕಾಪಿ ಲೋಕದ ತುಂಬ ಅದಾವೆ. ಮುಸ್ತಫಾನ್ನ ಕಾಯೋಕೆ ಮೇಮ್ ಐತೆ. ಸೆಕೆಂಡ್ ಶೋ ಈ ಒಂದು ಫ್ಲಾಪ್ಯಾಗೆ ಬಿಟ್ರೆ ಭೂಮಿ ಮ್ಯಾಲೆ ಎಲ್ಲೂ ಇಲ್ಲ. ಫ್ಲಾಪಿಯ ಕಾಂತದ ಪುಡಿ ವರ್ಷ ವರ್ಷಕ್ಕೆ ಸೋಲ್ತೈತೆ. ಇನ್ನೊಂದು ದಸರಾಕ್ಕೆ ಓದ್ತಿತ್ತೋ ಇಲ್ಲೋ.

ಈರಮ್ಮ: (ಕುರ್ಚಿ ಎಳೆದು ಲ್ಯಾಪ್‌ಟಾಪ್ ಮುಂದೆ ಕೂತು) ಮೊದಲು ಎರಡು ಕಾಪಿ ಮಾಡು. ಒಂದು ಇದ್ದಂಗೇ ಇರ್ಲಿ, ಸಾಕ್ಷಿಗೆ ಬೇಕಾಗ್ತೈತೆ. ಇನ್ನೊಂದ್ರಾಗೆ ಇ ನಾನು ಆಡ್ತೀನಿ, ಯು ಅವರು ಆಡ್ಲಿ. ಹೂಂ, ಓಡ್ರಿ!

ಗಾದಿಲಿಂಗ: (ಬಾಗಿಲಿಗೆ ಬಂದು, ಗುಜರಿಯವನ ಸುತ್ತ ನೆರೆದವರಿಗೆ) ಮನ್ಯಾಗೆ ಹಳೇ ಫ್ಲಾಪಿ, ಸೀಡಿ ಇದ್ದೋರು ಮೂಟೆಗೆ ಹಾಕೋ ಮುಂಚೆ ಒಂದ್ಸಲ ಓದಿಸ್ಕೊಳ್ರಪ್ಪ. ಕಂಪನಿ ಆಟಕ್ಕೆ ದಿಕ್ಕದಾರೆ, ಮನೆ ಆಟಕ್ಕೆ ಮನೆಯೋರೇ ದಿಕ್ಕು.

ಈರಮ್ಮ: (ಒಳಗಿಂದ) ಓದಿಸೋಕೆ ಹೆಂಡ್ತೀರನ್ನೂ ಕರ್ಕೊಂಡು ಬರ್ರಿ!