ಹಲ್ಲು: ಬಳಸುವ ವಿಧಾನ ಮತ್ತು ವಾರಂಟಿ ನಿಯಮಗಳು

(ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಬಳಕೆದಾರರಿಗೆ)



ಕೊಯಮತ್ತೂರಿನಲ್ಲಿ ಪಂಪ್‌ಸೆಟ್ಟು ಕೊಂಡರೂ ಗ್ರೈಂಡರ್ ಕೊಂಡರೂ ಜೊತೆಗೊಂದು ಪುಸ್ತಿಕೆ, ಒಂದು ವಾರಂಟಿ ಕಾರ್ಡು ಬರುತ್ತದೆ. ಕಾರ್ಡಿಗೆ ಅಂಗಡಿಯ ಸೀಲು ಬೀಳುವ ತನಕ ನಮ್ಮ ಜನ ಕೌಂಟರ್ ಬಿಟ್ಟು ಕದಲುವುದಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ನಿಟ್ಟಿಂಗ್ ಮೆಷಿನ್ನಿಗೆ ತಪ್ಪದೆ ಎಣ್ಣೆ ಬೀಳುತ್ತದೆ, ಗಾಳಿ ಹೊಡೆದು ಹತ್ತಿಯ ದೂಳು ತೆಗೆಯುತ್ತಾರೆ. ಹುಟ್ಟಿದ ಆರು ತಿಂಗಳಿಗೆಲ್ಲ ಬಾಯಿಗೆ ಬಂದು ಕೂರುವ ಸಾಧನಕ್ಕೆ ಮಾತ್ರ ಪುಸ್ತಿಕೆಯೂ ಇಲ್ಲ, ಎಣ್ಣೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಬಾಯಿಯ ಕಾಯಿಲೆ ಇರುವವರು ಜಗತ್ತಿನಲ್ಲಿ ಸುಮಾರು 350 ಕೋಟಿ. ಇಷ್ಟು ದೂರು ಬಂದ ಮೇಲಾದರೂ ಕೈಪಿಡಿ ಹೊರಬರಬೇಡವೇ? ಇಗೋ, ಬಂದಿದೆ. ಸಿರುಮುಗೈಯ ದೇವಾಂಗರ ಮನೆಗಳಲ್ಲಿ, ಉಡುಮಲೈ ಕಡೆಯ ಒಕ್ಕಲಿಗರ ಮನೆಗಳಲ್ಲಿ ಕನ್ನಡ ಮಾತಾಡಿಯೂ ತಮಿಳು ಮಾತ್ರ ಓದಬಲ್ಲವರಿದ್ದಾರೆ. ಅವರಿಗೆ ಯಾರಾದರೂ ಗಟ್ಟಿಯಾಗಿ ಓದಿ ಹೇಳುವುದು.

1. ಪೆಟ್ಟಿಗೆಯಲ್ಲಿ ಏನೇನಿದೆ

ಮೊದಲ ಸೆಟ್ಟು 20, ಎರಡನೆಯದು 32. ಮೊದಲ ಸೆಟ್ಟಿನ ಹಲ್ಲು ಬಿದ್ದಾಗ ಸಗಣಿ ಉಂಡೆಯಲ್ಲಿಟ್ಟು ಮನೆಯ ಮೇಲೆ ಎಸೆದರೆ ಹೊಸದು ಬರುತ್ತದೆ. ಎಸೆಯದಿದ್ದರೂ ಬರುತ್ತದೆ. ಈ ಸೌಲಭ್ಯ ಒಂದೇ ಸಲ. ಎರಡನೆಯ ಸೆಟ್ಟಿನದನ್ನು ಎಷ್ಟು ಎತ್ತರಕ್ಕೆ ಎಸೆದರೂ ಪ್ರಯೋಜನವಿಲ್ಲ.

ಗಮನಿಸಿ: ಆರನೇ ವಯಸ್ಸಿಗೆ ಸಾಲಿನ ಹಿಂದುಗಡೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದು ದವಡೆ ಹಲ್ಲು ಬರುತ್ತದೆ. 'ಹಾಲುಹಲ್ಲು ತಾನೇ, ಹುಳುಕಾದರೆ ಬೀಳಲಿ ಬಿಡಿ' ಎಂದು ಮನೆಯವರು ಸುಮ್ಮನಿರುತ್ತಾರೆ. ಅದು ಹಾಲುಹಲ್ಲಲ್ಲ, ಸಾಯುವ ತನಕ ಇರಬೇಕಾದ ಹಲ್ಲು.

2. ನೀರು

ಸಿರುವಾಣಿ ನೀರಿನ ರುಚಿ ಹೊಗಳದವನು ಕೊಯಮತ್ತೂರಿನವನೇ ಅಲ್ಲ. ಅಂಥ ಬೆಟ್ಟದ ಮಳೆನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಗಟ್ಟಿ ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ಬೋರ್‌ವೆಲ್ ನೀರಿನಲ್ಲಿ ಅದು ಹೆಚ್ಚಿರಬಹುದು. ಸ್ವಲ್ಪ ಫ್ಲೋರೈಡ್ ಹಲ್ಲಿಗೆ ಕಾವಲು. ಮಿತಿಮೀರಿದರೆ ಎನಾಮೆಲ್ ಮೇಲೆ ಸುಣ್ಣದಂಥ ಬಿಳಿ ಗೆರೆ, ಆಮೇಲೆ ಕಂದು ಕಲೆ. ಈ ಎರಡು ಜಿಲ್ಲೆಗಳೂ ಸೇರಿದ್ದ ಹಳೆಯ ಮದ್ರಾಸ್ ಪ್ರಾಂತದಲ್ಲೇ, ನೆಲ್ಲೂರು ಕಡೆಯ ಹಳ್ಳಿಗಳನ್ನು ನೋಡಿ ಶಾರ್ಟ್ ಎಂಬ ಸಂಶೋಧಕರು ಮತ್ತು ಜೊತೆಗಾರರು 1937ರಲ್ಲಿ ಇದನ್ನು ವರದಿ ಮಾಡಿದರು. ಕೋಲಾರ, ಪಾವಗಡದವರಿಗೆ ಈ ಕಲೆಯ ಪರಿಚಯ ಹೇಳಬೇಕಾಗಿಲ್ಲ. ಫ್ಲೋರೈಡಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 1.5.

ಕಲೆ ಬೀಳುವುದು ಹಲ್ಲು ದವಡೆಯೊಳಗೆ ತಯಾರಾಗುವ ವಯಸ್ಸಿನಲ್ಲಿ, ಸರಿಸುಮಾರು ಎಂಟು ವರ್ಷದೊಳಗೆ. ಆದ್ದರಿಂದ ಮೊದಲು ಪರೀಕ್ಷೆ ಮಾಡಿಸಬೇಕಾದದ್ದು ಮಗು ಕುಡಿಯುವ ನೀರನ್ನು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನೊಂದಿಷ್ಟು ಗಟ್ಟಿಯಾಗುತ್ತದೆ, ಅಷ್ಟೇ.

3. ಇಂಧನ

ಸಕ್ಕರೆ ಎಷ್ಟು ತಿಂದಿರಿ ಎನ್ನುವಷ್ಟೇ ಎಷ್ಟು ಸಲ ತಿಂದಿರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಕ್ಕೆ ಬ್ಯಾಕ್ಟೀರಿಯಾ ಆಮ್ಲ ತಯಾರಿಸುತ್ತವೆ, ಪಿಎಚ್ 5.5ರ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಸಕ್ಕರೆ ಹಾಕಿದ ಟೀಯನ್ನು ಒಮ್ಮೆಗೇ ಕುಡಿದು ಮುಗಿಸಿದವನಿಗೆ ಒಂದು ದಾಳಿ. ಅದೇ ಲೋಟವನ್ನು ಮೆಷಿನ್ ಪಕ್ಕ ಇಟ್ಟುಕೊಂಡು ಗಂಟೆಗಟ್ಟಲೆ ಗುಟುಕರಿಸುವವನಿಗೆ ಗುಟುಕಿಗೊಂದು ದಾಳಿ. ಟೀ ಬಿಡಿ ಎಂದು ತಿರುಪ್ಪೂರಿನಲ್ಲಿ ಹೇಳುವ ಧೈರ್ಯ ಈ ಕೈಪಿಡಿಗಿಲ್ಲ. ಬೇಗ ಕುಡಿದು ಮುಗಿಸಿ.

4. ದಿನದ ಸರ್ವಿಸ್

ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಒಂದೇ ಸಲ ಸಾಧ್ಯವೆನ್ನುವ ಆಲಸಿಗಳು ರಾತ್ರಿಯ ಸಲವನ್ನು ಉಳಿಸಿಕೊಳ್ಳಿ, ನಿದ್ದೆಯಲ್ಲಿ ಜೊಲ್ಲು ಕಡಿಮೆ. ಫ್ಲೋರೈಡ್ ಇರುವ ಪೇಸ್ಟು ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯಂತೆ ಹಿಂಡುವುದು ಪೇಸ್ಟ್ ಬೇಗ ಖಾಲಿಯಾಗಲೆಂದು. ಉಜ್ಜಿದ ಮೇಲೆ ಉಗುಳಿ, ಆದರೆ ಚೊಂಬು ನೀರಿನಲ್ಲಿ ಗಳಗಳ ಬಾಯಿ ಮುಕ್ಕಳಿಸಬೇಡಿ. ಕೊಟ್ಟ ಔಷಧಿಯನ್ನು ನೀವೇ ತೊಳೆದು ಹಾಕಿದಂತಾಗುತ್ತದೆ.

ಹಲ್ಲುಪುಡಿ ಅಭಿಮಾನಿಗಳಿಗೆ: 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದಂದಿನಿಂದ ಆ ಊರ ಹೆಸರಿನ ಪುಡಿ ಕನ್ನಡಿಗರ ಬಚ್ಚಲಲ್ಲಿ ಇದ್ದೇ ಇದೆ. ಅದರ ಮೇಲೆ ಜಗಳವಿಲ್ಲ. ಜಗಳ ಇರುವುದು ಇಟ್ಟಿಗೆ ಪುಡಿ, ಮರಳಿನ ಮೇಲೆ. ಗಡಸುತನದ ಮೋಸ್ ಅಳತೆಯಲ್ಲಿ ಎನಾಮೆಲ್ಲಿಗೆ ಸುಮಾರು 5, ಮರಳಿನ ಕ್ವಾರ್ಟ್ಜ್‌ಗೆ 7. ಯಾರು ಯಾರನ್ನು ಸವೆಸುತ್ತಾರೆಂದು ಗ್ರೈಂಡರ್ ತಯಾರಿಸುವ ಊರಿನವರಿಗೆ ಹೇಳಬೇಕೇ?

5. ಈ ಕೆಲಸಗಳಿಗೆ ಬಳಸಬೇಡಿ

ಸೋಡಾ ಬಾಟಲಿಯ ಮುಚ್ಚಳ ತೆಗೆಯಲು. ರಾತ್ರಿಯಿಡೀ ಹಲ್ಲು ಕಡಿಯಲು (ಸಾಲ ಕೊಟ್ಟವನು ಪಕ್ಕದಲ್ಲಿ ಮಲಗಿರುವುದಿಲ್ಲ). ಎಲ್ಲಕ್ಕಿಂತ ಮುಖ್ಯವಾಗಿ, ನೂಲು ಕಡಿಯಲು. ಮಗ್ಗದ ಮುಂದೆ ಎಳೆ ತುಂಡಾದಾಗ ಗಂಟು ಹಾಕಿ, ಉಳಿದ ಬಾಲವನ್ನು ಮುಂದಿನ ಹಲ್ಲಿನಲ್ಲಿ ಕಟ್ಟೆಂದು ಕತ್ತರಿಸುವುದು ಕೈಗಿಂತ ಬೇಗ ಆಗುವ ಕೆಲಸ. ಟೈಲರ್ ಟೇಬಲ್ಲಿನಲ್ಲೂ ಹಾಗೇ. ಕೆಲವರು ಸೂಜಿಯನ್ನೂ ಅಲ್ಲೇ ಕಚ್ಚಿ ಹಿಡಿಯುತ್ತಾರೆ. ವರ್ಷಗಳು ಕಳೆದ ಮೇಲೆ ಕನ್ನಡಿಯ ಮುಂದೆ ತುಟಿ ಎತ್ತಿ ನೋಡಿ: ಬಾಚಿಹಲ್ಲಿನ ಅಂಚಿನಲ್ಲಿ, ನೂಲು ಹಾಯುವ ಜಾಗದಲ್ಲೇ, ಅರ ಇಟ್ಟು ಕೊರೆದ ಹಾಗೆ ಚಿಕ್ಕ ಕಚ್ಚು. ನೂಲು ಕತ್ತರಿಸುವ ಟ್ರಿಮ್ಮರ್ ಹಳೆಯದಾದರೆ ಹೊಸದು ಸಿಗುತ್ತದೆ.

6. ಬಿಳುಪು

ಬನಿಯನ್ ಬಟ್ಟೆಯನ್ನು ಬಿಳಿ ಮಾಡುವುದೂ ಹಲ್ಲನ್ನು ಬಿಳಿ ಮಾಡುವುದೂ ಒಂದೇ ರಾಸಾಯನಿಕ: ಹೈಡ್ರೋಜನ್ ಪೆರಾಕ್ಸೈಡ್. ವೈದ್ಯರು ಮನೆಗೆ ಕೊಡುವ 10 ಶೇಕಡಾ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್‌ನಿಂದ ಹೊರಬರುವುದು ಸುಮಾರು 3.5 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ಬ್ಲೀಚಿಂಗ್ ಘಟಕದ ಡ್ರಮ್ಮಿನಲ್ಲಿ 50 ಶೇಕಡಾ ಇರಬಹುದು. ಪರಿಚಯದ ಸೂಪರ್‌ವೈಸರ್ ಇದ್ದಾರೆಂದು ಅಲ್ಲಿಂದ ತರಿಸಿಕೊಳ್ಳಬೇಡಿ. ಬಿಳುಪಿನ ಬೆಲೆ ನೊಯ್ಯಲ್ ನದಿಗೆ ಗೊತ್ತು. ಕೊಳೆನೀರು ನದಿಗೆ ಬಿಡುತ್ತಿದ್ದ ಡೈಯಿಂಗ್, ಬ್ಲೀಚಿಂಗ್ ಘಟಕಗಳನ್ನು ಮುಚ್ಚಲು ಮದ್ರಾಸ್ ಹೈಕೋರ್ಟ್ 2011ರಲ್ಲಿ ಆದೇಶ ಕೊಡಬೇಕಾಯಿತು. ಹಲ್ಲಿನ ಸಹಜ ಬಣ್ಣ ಕೊಂಚ ಹಳದಿಯೇ. ಅದು ಎಕ್ಸ್‌ಪೋರ್ಟ್ ರಿಜೆಕ್ಟ್ ಅಲ್ಲ.

7. ಅಪಾಯ

ಇಲ್ಲಿ ತಮಾಷೆ ಇಲ್ಲ. ಅಡಿಕೆ ಮಲೆನಾಡಿಗೆ ಅನ್ನ ಕೊಟ್ಟ ಬೆಳೆ; ಆದರೂ ಸತ್ಯ ಸತ್ಯವೇ. ತಂಬಾಕು ಬೆರೆಸದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರ ತನ್ನ ಗ್ರಂಥದಲ್ಲಿ ಸಾರಿದೆ. ಗುಟ್ಕಾ ಮೇಲೆ ನಿಷೇಧವಿದೆ. ಆದರೂ ಪಾಳಿಯಲ್ಲಿ ನಿದ್ದೆ ಬಾರದಿರಲಿ ಎಂದು ಅದನ್ನು ಕೆನ್ನೆಯೊಳಗೆ ಇಟ್ಟುಕೊಳ್ಳುವವರು ಇದ್ದಾರೆ. ಬಾಯಿ ಪೂರ್ತಿ ತೆರೆಯುತ್ತದೆಯೇ ಎಂದು ನೋಡುವ ಪರೀಕ್ಷೆ ಸುಲಭ: ತೋರು, ನಡು, ಉಂಗುರ ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ನೆಟ್ಟಗೆ ಹಿಡಿದು ಮೇಲಿನ, ಕೆಳಗಿನ ಬಾಚಿಹಲ್ಲುಗಳ ನಡುವೆ ಇಡಿ. ಮೂರೂ ಹೋಗದಿದ್ದರೆ, ಖಾರ ತಾಕಿದರೆ ಬಾಯಿ ಉರಿದರೆ, ಕೆನ್ನೆಯ ಒಳಗೆ ಹಗ್ಗದಂಥ ಗಟ್ಟಿ ಪಟ್ಟೆ ಕೈಗೆ ಸಿಕ್ಕರೆ, ನಾಳೆ ಎನ್ನದೆ ದಂತವೈದ್ಯರ ಬಳಿ ಹೋಗಿ.

8. ತುರ್ತು ಮತ್ತು ರಿಪೇರಿ

ಸ್ಕೂಟರಿನಿಂದ ಬಿದ್ದು ಶಾಶ್ವತ ಹಲ್ಲು ಬೇರುಸಮೇತ ಕಿತ್ತು ಬಂದರೆ ಬೇರು ಮುಟ್ಟದೆ ತಲೆಯ ಕಡೆ ಹಿಡಿಯಿರಿ. ಕೂಡಲೇ ಗೂಡಿಗೆ ಕೂರಿಸಲಾಗದಿದ್ದರೆ ಹತ್ತಿರದ ಅಂಗಡಿಯಿಂದ ತಣ್ಣನೆಯ ಆವಿನ್ ಹಾಲಿನ ಪೊಟ್ಟಣ ಕೊಂಡು, ಹಾಲಿನಲ್ಲಿ ಮುಳುಗಿಸಿ, ಅರ್ಧ ಗಂಟೆಯೊಳಗೆ ವೈದ್ಯರನ್ನು ಕಾಣಿ. ಕಾಗದದಲ್ಲಿ ಸುತ್ತಿ ಜೇಬಿಗಿಟ್ಟರೆ ಬೇರಿನ ಜೀವಕೋಶ ಒಣಗಿ ಸಾಯುತ್ತವೆ.

ದಂತವೈದ್ಯರ ಕುರ್ಚಿ ಕಂಡರೆ ಕಿರುಚುವ ಮಕ್ಕಳಿಗೆ ಡ್ರಿಲ್ಲಿಲ್ಲದ ದಾರಿಯೊಂದಿದೆ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹುಳುಕಿಗೆ ಸವರುತ್ತಾರೆ. ಹೆಚ್ಚಿನ ಪಾಲು ಹುಳುಕು ಅಲ್ಲಿಗೇ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ದೋಷ ಒಂದೇ: ಸವರಿದ ಜಾಗ ಕಪ್ಪಾಗುತ್ತದೆ. 'ಫೋಟೋದಲ್ಲಿ ಚೆನ್ನಾಗಿ ಬರಲ್ಲ' ಎನ್ನುವ ತಾಯಂದಿರು, ಕಪ್ಪಗೆ ನಿಂತ ಹುಳುಕು ಬೆಳ್ಳಗೆ ಬೆಳೆಯುವ ಹುಳುಕಿಗಿಂತ ಮೇಲು ಎಂಬುದನ್ನು ನೆನೆಯುವುದು.

9. ಮುಂದಿನ ಮಾದರಿ

ಕವಿ ಹರಿಹರ ಯಾರ ಮೇಲೆ ರಗಳೆ ಬರೆದನೋ ಆ ಶಿವಭಕ್ತ ನಂಬಿಯಣ್ಣ ಅವಿನಾಶಿಯಲ್ಲಿ ಹಾಡಿದಾಗ, ವರ್ಷಗಳ ಹಿಂದೆ ಹುಡುಗನನ್ನು ನುಂಗಿದ್ದ ಮೊಸಳೆ ಅವನನ್ನು ಬೆಳೆದ ಮಗನನ್ನಾಗಿ ಹಿಂತಿರುಗಿಸಿತಂತೆ. ಮೊಸಳೆಗೆ ಇದೇನು ಮಹಾ; ಹಲ್ಲು ಹೋದಂತೆಲ್ಲ ಹೊಸ ಹಲ್ಲು ಬರುವ ಪ್ರಾಣಿ ಅದು. ನಮಗೂ ಆ ಭಾಗ್ಯ ಬರಲೆಂದು ಜಪಾನಿನ ಕ್ಯೋಟೋದಲ್ಲಿ ಕಟ್ಸು ತಕಹಾಶಿ ತಂಡ ದುಡಿಯುತ್ತಿದೆ. ಹಲ್ಲು ಮೊಳೆಯುವುದನ್ನು ತಡೆಯುವ ಯುಎಸ್‌ಎಜಿ-1 ಎಂಬ ಪ್ರೋಟೀನನ್ನು ಪ್ರತಿಕಾಯದಿಂದ ಕಟ್ಟಿಹಾಕಿದರೆ ಇಲಿಗಳಲ್ಲಿ, ಫೆರೆಟ್‌ಗಳಲ್ಲಿ ಹಲ್ಲು ಬೆಳೆದವು ಎಂದು ಅವರು 2021ರಲ್ಲಿ ಪ್ರಕಟಿಸಿದರು. ಹಲ್ಲು ಕಳೆದುಕೊಂಡ 30 ಗಂಡಸರ ಮೇಲೆ 2024ರಲ್ಲಿ ಪ್ರಯೋಗ ಶುರುವಾಯಿತು. ಆ ಹಂತದ ಪ್ರಶ್ನೆ ಹಲ್ಲು ಬರುತ್ತದೆಯೇ ಎನ್ನುವುದಕ್ಕಿಂತ, ಮದ್ದು ಸುರಕ್ಷಿತವೇ ಎನ್ನುವುದಾಗಿತ್ತು. ಮುಂಗಡ ಬುಕಿಂಗ್ ಇಲ್ಲ.

ಸುದ್ದಿಯಾಗುವುದು ಕ್ಯೋಟೋದ ಮದ್ದು. ಹಲ್ಲು ಉಳಿಸಲು ಸಾಕಾಗುವುದು ಬಟಾಣಿಯಷ್ಟು ಪೇಸ್ಟು, ಬೇಗ ಮುಗಿದ ಟೀ, ಖಾಲಿ ಕೆನ್ನೆ. ಇದರಲ್ಲಿ ಹೊಸ ಸಂಶೋಧನೆ ಏನೂ ಇಲ್ಲ. ಸಂಶೋಧನೆ ಮುಗಿದು ಬಹಳ ಕಾಲವಾಯಿತು, ಬಾಕಿ ಇರುವುದು ಬಳಕೆದಾರರ ಪಾಲು.

10. ದೂರು ವಿಭಾಗ

ದೂರುಗಳಿದ್ದರೆ ತಯಾರಕರನ್ನು, ಅಂದರೆ ತಮ್ಮ ತಂದೆತಾಯಿಯನ್ನು ಸಂಪರ್ಕಿಸಿ. 'ಮಿಠಾಯಿ ತಿನ್ನಬೇಡ ಅಂತ ಬಡ್ಕೊಂಡಿದ್ದೆ, ಕೇಳಿದೆಯಾ?' ಎಂಬ ಉತ್ತರ ಬರುತ್ತದೆ. ವಾರಂಟಿ ನಿಯಮದ ಪ್ರಕಾರ ಅದೇ ಅಂತಿಮ.